ಬರೋ ನೀರಿಗೆ ಹೂಮಾಲೆ, ಹೋಗೋ ನೀರಿಗೆ ದಾರಿ ಎಲ್ಲಿ?

ಬೆಂಗಳೂರಿನಿಂದ ಕೋಲಾರಕ್ಕೆ ಬರುವ ಬಸ್ಸು ಹೊಸಕೋಟೆ ದಾಟಿ ನರಸಾಪುರದ ಹತ್ತಿರ ಬಂತೆಂದರೆ ಸಾಕು, ಕಿಟಕಿ ಪಕ್ಕ ಕೂತವರಲ್ಲಿ ಯಾರಾದರೂ ಒಬ್ಬರು ಕೆರೆ ಮಾತು ತೆಗೆಯುತ್ತಾರೆ. "ಮೊದ್ಲು ಜಾಲಿ ಗಿಡ ಬಿಟ್ರೆ ಏನೂ ಇರ್ಲಿಲ್ಲಣ್ಣ, ಈಗ ನೋಡು ನೀರು ನಿಂತೈತೆ" ಅಂತ ಒಬ್ಬರು. "ನೀರೇನೋ ನಿಂತೈತೆ, ಯಾವ ನೀರು ಅಂತ ಗೊತ್ತಲ್ಲ?" ಅಂತ ಪಕ್ಕದವರು. ಕಂಡಕ್ಟರ್ ಹಿಂದಿನ ಸೀಟು ಮುಟ್ಟುವಷ್ಟರಲ್ಲಿ ಬಸ್ಸಿನಲ್ಲಿ ಎರಡು ಪಕ್ಷ ಆಗಿರುತ್ತದೆ. ನೀರು ಬಂದಿದ್ದು ಒಳ್ಳೆಯದಾಯಿತು ಅನ್ನುವವರು ಒಂದು ಕಡೆ. ಬೆಂಗಳೂರಿನ ಕಕ್ಕಸು ನೀರನ್ನು ಕೋಲಾರದ ತಲೆಗೆ ಕಟ್ಟಿದರು ಅನ್ನುವವರು ಇನ್ನೊಂದು ಕಡೆ.

ಎರಡೂ ಕಡೆಯವರ ಮಾತಿನಲ್ಲಿ ನಿಜ ಇದೆ. ಆದರೆ ಎರಡೂ ಕಡೆಯವರು ಮರೆತ ಒಂದು ಪ್ರಶ್ನೆಯೂ ಇದೆ. ಬೆಂಗಳೂರಿನ ಕೊಳಚೆ ನೀರಿನ ಬಗ್ಗೆ ಇಷ್ಟು ಮಾತಾಡುವ ಜಿಲ್ಲೆ, ತನ್ನ ಊರುಗಳ ಕೊಳಚೆ ನೀರಿನ ಬಗ್ಗೆ ಎಷ್ಟು ಲೆಕ್ಕ ಹಾಕಿದೆ?

ಕೆ.ಸಿ. ವ್ಯಾಲಿ ಕಲಿಸಿದ ಪಾಠ

ಮೊದಲು ಬೆಂಗಳೂರಿನ ಕಥೆ ನೋಡೋಣ. ಕೋರಮಂಗಲ–ಚಲ್ಲಘಟ್ಟ ಕಣಿವೆ ಅಂದರೆ ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆಯ ದೊಡ್ಡ ಪಾಲು ಈ ಕಣಿವೆಯಲ್ಲಿ ಇಳಿದು ಬೆಳ್ಳಂದೂರು ಕೆರೆಗೆ, ಅಲ್ಲಿಂದ ವರ್ತೂರು ಕೆರೆಗೆ ಹೋಗುತ್ತದೆ. ಊರು ಬೆಳೆದ ವೇಗಕ್ಕೆ ಶುದ್ಧೀಕರಣ ಘಟಕಗಳು ಬೆಳೆಯಲಿಲ್ಲ. ಆಗಿದ್ದೇನೆಂದು ಲೋಕವೇ ನೋಡಿತು. 2015ರ ಮೇ, 2017ರ ಫೆಬ್ರವರಿ, 2018ರ ಜನವರಿ: ಮೂರು ಸಲ ಬೆಳ್ಳಂದೂರು ಕೆರೆಯಲ್ಲಿ ಬೆಂಕಿ ಕಾಣಿಸಿತು. ನೀರಿಗೆ ಬೆಂಕಿ ಬಿತ್ತು ಎಂದರೆ ಹಳಬರು ನಂಬುತ್ತಿರಲಿಲ್ಲ. ನಂಬುವ ಕಾಲ ಬಂತು.

ಇತ್ತ ಕೋಲಾರದಲ್ಲಿ ಕೊಳವೆ ಬಾವಿ ಸಾವಿರ ಅಡಿ ದಾಟಿ ಕೆಳಕ್ಕೆ ಹೋಗಿತ್ತು. ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ಹೊಳೆ ಒಂದೂ ಇಲ್ಲ. ಇರುವುದು ಕೆರೆ, ಅದಕ್ಕೆ ಮಳೆಯೇ ಗತಿ. ಆಗ ಬಂದದ್ದು ಕೆ.ಸಿ. ವ್ಯಾಲಿ ಯೋಜನೆ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ, ದಿನಕ್ಕೆ ಸುಮಾರು 400 ದಶಲಕ್ಷ ಲೀಟರ್ ನೀರನ್ನು ಪಂಪು ಮಾಡಿ, ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಬಿಡುವುದು. ಅಲ್ಲಿಂದ ಕೋಡಿ ಹರಿದ ಹಾಗೆ ಕೆರೆಯಿಂದ ಕೆರೆಗೆ, ಒಟ್ಟು 126 ಕೆರೆ ತುಂಬಿಸುವುದು. ಉದ್ದೇಶ ಅಂತರ್ಜಲ ಏರಿಸುವುದು. ಕೆರೆಯಿಂದ ನೇರವಾಗಿ ಗದ್ದೆಗೆ ಪಂಪು ಹಾಕುವಂತಿಲ್ಲ. 2018ರ ಜೂನ್ ತಿಂಗಳಲ್ಲಿ ಮೊದಲ ನೀರು ಲಕ್ಷ್ಮೀಸಾಗರಕ್ಕೆ ಬಂತು. ಜನ ಪೂಜೆ ಮಾಡಿದರು, ಮುಖಂಡರು ಬಾಗಿನ ಬಿಟ್ಟರು.

ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, ಅದೇ ಜುಲೈನಲ್ಲಿ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟು ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಅದೇ ವರ್ಷ ಅದನ್ನೂ ತೆರವು ಮಾಡಿತು. ನೀರು ಮತ್ತೆ ಹರಿಯಿತು. ಕೆರೆ ಕೆಳಗಿನ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದೂ ನಿಜ. ಮೂರನೇ ಹಂತದ ಶುದ್ಧೀಕರಣ ಮಾಡಿಯೇ ನೀರು ಕೊಡಬೇಕು ಎಂಬ ಹೋರಾಟಗಾರರ ಕೂಗು ನಿಲ್ಲದೆ ಇರುವುದೂ ನಿಜ.

ಈ ಗಲಾಟೆಯಿಂದ ಕೋಲಾರದ ಜನ ಒಂದು ಮಾತು ಚೆನ್ನಾಗಿ ಕಲಿತರು. ಬೆಂಗಳೂರಿನಲ್ಲಿ ಇನ್ನೊಂದು ಬಡಾವಣೆ ಎದ್ದರೆ, ಅಲ್ಲಿನ ಘಟಕಕ್ಕೆ ತಾಳುವುದಕ್ಕಿಂತ ಹೆಚ್ಚು ಕೊಳಚೆ ಬಂದರೆ, ಅದರ ಪರಿಣಾಮ ಬೆಳ್ಳಂದೂರಿನಲ್ಲಿ ನಿಲ್ಲುವುದಿಲ್ಲ, ನರಸಾಪುರದವರೆಗೆ ಬರುತ್ತದೆ. ಮೇಲಿನ ಊರು ತನ್ನ ಲೆಕ್ಕ ತಪ್ಪಿದರೆ ಕೆಳಗಿನ ಊರು ತೆರುತ್ತದೆ. ಹಾಗಾದರೆ ಕೋಲಾರ, ಮಾಲೂರು, ಬಂಗಾರಪೇಟೆ ತಮ್ಮ ಲೆಕ್ಕ ತಪ್ಪಿದರೆ ತೆರುವವರು ಯಾರು? ಅವುಗಳ ಕೆಳಗೂ ಕೆರೆಗಳಿವೆ, ಹಳ್ಳಿಗಳಿವೆ.

ಯರಗೋಳ್ ಬಂತು, ಆಮೇಲೆ?

ಬಂಗಾರಪೇಟೆ ತಾಲ್ಲೂಕಿನ ಯರಗೋಳ್ ಹತ್ತಿರ ಮಾರ್ಕಂಡೇಯ ನದಿಗೆ ಕಟ್ಟಿದ ಅಣೆಕಟ್ಟು ವರ್ಷಗಟ್ಟಲೆ ಕುಂಟಿ, ಕಡೆಗೆ 2023ರ ನವೆಂಬರಿನಲ್ಲಿ ಉದ್ಘಾಟನೆ ಆಯಿತು. ಕೋಲಾರ, ಬಂಗಾರಪೇಟೆ, ಮಾಲೂರು ಪಟ್ಟಣಗಳಿಗೆ, ದಾರಿಯ ಹಳ್ಳಿಗಳಿಗೆ ಕುಡಿಯುವ ನೀರು ಕೊಡುವ ಯೋಜನೆ. ಬಿಂದಿಗೆ ಹಿಡಿದು ಟ್ಯಾಂಕರ್ ಕಾದ ಹೆಂಗಸರಿಗೆ ಇದಕ್ಕಿಂತ ದೊಡ್ಡ ಸುದ್ದಿ ಬೇರೆ ಇಲ್ಲ. ಸಂತೋಷ ಪಡಬೇಕಾದದ್ದೇ.

ಆದರೆ ನೀರಿಗೆ ಒಂದು ಗುಣ ಇದೆ. ನಲ್ಲಿಯಲ್ಲಿ ಬಂದದ್ದು ಮೋರಿಯಲ್ಲಿ ಹೋಗಲೇಬೇಕು. ಸ್ನಾನ, ಬಟ್ಟೆ, ಪಾತ್ರೆ, ಕಕ್ಕಸು ಎಲ್ಲ ಸೇರಿ, ಮನೆಗೆ ಬಂದ ನೂರು ಲೀಟರ್ ನೀರಿನಲ್ಲಿ ಎಂಬತ್ತು ಲೀಟರ್ ಕೊಳಚೆಯಾಗಿ ಹೊರಕ್ಕೆ ಹೋಗುತ್ತದೆ ಎಂಬುದು ದೇಶದ ಇಂಜಿನಿಯರುಗಳೆಲ್ಲ ಒಪ್ಪಿಕೊಂಡ ಲೆಕ್ಕ. ನೀರು ತರುವ ಯೋಜನೆ ಅಂದರೆ ಅದು ಕೊಳಚೆ ತರುವ ಯೋಜನೆಯೂ ಹೌದು. ಒಂದಕ್ಕೆ ಹೂಮಾಲೆ, ಕಲ್ಲಿನ ಫಲಕ. ಇನ್ನೊಂದಕ್ಕೆ ಹೆಸರೂ ಇಲ್ಲ.

ಬೆಂಗಳೂರಿನಲ್ಲೂ ಇದೇ ಆಯಿತು. 2007ರಲ್ಲಿ ಮಹಾನಗರ ಪಾಲಿಕೆಗೆ 110 ಹಳ್ಳಿ ಸೇರಿಸಿದರು. ಮನೆ ಮೊದಲು ಎದ್ದವು, ಅಪಾರ್ಟ್‌ಮೆಂಟ್ ಎದ್ದವು, ಒಳಚರಂಡಿ ಕೊಳವೆ ವರ್ಷಗಳ ನಂತರ ಬಂತು. ಆ ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ದಿನಕ್ಕೆ 775 ದಶಲಕ್ಷ ಲೀಟರ್. ಎಂಬತ್ತರ ಲೆಕ್ಕ ಹಿಡಿದರೆ ಇದರ ಬಾಲದಲ್ಲಿ 620 ದಶಲಕ್ಷ ಲೀಟರ್ ಕೊಳಚೆ. ಆ ಹಳ್ಳಿಗಳಲ್ಲಿ ಮೊದಲೇ ಬೋರ್‌ವೆಲ್ ನೀರು ಬಳಸುತ್ತಿದ್ದರು, ಹಾಗಾಗಿ ಅಷ್ಟೂ ಹೊಸದಲ್ಲ ಅನ್ನಬಹುದು. ಆದರೂ ಹೆಚ್ಚಾಗುವುದು ಹೆಚ್ಚಾಗುವುದೇ.

ಕೋಲಾರದ ಲೆಕ್ಕ ಬಿಡಿಸಿದರೆ

ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಕಾಗದ, ಪೆನ್ಸಿಲ್ ಇದ್ದರೆ ಕೊಳಚೆ ಘಟಕದ ಎಸ್ಟಿಮೇಟನ್ನು ಗಲ್ಲಾಪೆಟ್ಟಿಗೆ ಮೇಲೇ ಹಾಕಬಹುದು.

ಒಳಚರಂಡಿ ಇರುವ ಊರಿನಲ್ಲಿ ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕೆಂಬುದು ಕೇಂದ್ರದ ಕೈಪಿಡಿಯ ಅಳತೆ. ಅದರಲ್ಲಿ ಎಂಬತ್ತು ಭಾಗ ಅಂದರೆ 108 ಲೀಟರ್ ಕೊಳಚೆ. 2011ರ ಜನಗಣತಿಯಲ್ಲಿ ಕೋಲಾರ ನಗರದ ಜನ ಸುಮಾರು 1.38 ಲಕ್ಷ. ಗುಣಿಸಿದರೆ ದಿನಕ್ಕೆ ಸುಮಾರು 149 ಲಕ್ಷ ಲೀಟರ್. ಇಂಜಿನಿಯರ್ ಭಾಷೆಯಲ್ಲಿ 15 ಎಂ.ಎಲ್.ಡಿ. ಹತ್ತು ಲಕ್ಷ ಲೀಟರಿಗೆ ಒಂದು ಎಂ.ಎಲ್.ಡಿ., ಅಷ್ಟೇ.

"ಅಷ್ಟು ನೀರು ಎಲ್ಲಿ ಬರ್ತೈತೆ ಸ್ವಾಮಿ, ನಲ್ಲೀಲಿ ಗಾಳಿ ಬರ್ತೈತೆ" ಎಂದು ಯಾರಾದರೂ ನಗಬಹುದು. ನಗರಸಭೆ ನೀರು ಕಡಿಮೆ ಇರಬಹುದು. ಆದರೆ ಜನ ಟ್ಯಾಂಕರ್ ತರಿಸುತ್ತಾರೆ, ಮನೆ ಹಿಂದೆ ಬೋರ್ ಹಾಕಿಸುತ್ತಾರೆ. ಮೀಟರಿಗೆ ಸಿಗದ ನೀರೂ ಮೋರಿಗೆ ಸಿಗುತ್ತದೆ. ನಗರಸಭೆ ನಲ್ಲಿ ನೀರನ್ನಷ್ಟೇ ನೋಡಿ ಘಟಕ ಕಟ್ಟಿದರೆ ಮೊದಲ ದಿನವೇ ಅದು ಸಾಲದಾಗುತ್ತದೆ.

ಇನ್ನು ಮುಂದಿನ ಲೆಕ್ಕ. ಒಳಚರಂಡಿ ಕೊಳವೆಯನ್ನೂ ಘಟಕವನ್ನೂ 30 ವರ್ಷ ಮುಂದಕ್ಕೆ ನೋಡಿ ಮಾಡಬೇಕು, ಪಂಪು ಯಂತ್ರವನ್ನು 15 ವರ್ಷಕ್ಕೆ ಎಂಬುದು ಕೈಪಿಡಿಯ ಮಾತು. 30 ವರ್ಷಕ್ಕೆ ಎಷ್ಟು ಜನ? 2001ರಲ್ಲಿ ಕೋಲಾರ ನಗರದಲ್ಲಿ ಸುಮಾರು 1.13 ಲಕ್ಷ ಜನ ಇದ್ದರು. ಹತ್ತು ವರ್ಷದಲ್ಲಿ 25 ಸಾವಿರ ಹೆಚ್ಚಾದರು. ಹತ್ತು ವರ್ಷಕ್ಕೆ 25 ಸಾವಿರದ ಹಾಗೆ ಕೂಡುತ್ತಾ ಹೋದರೆ 2041ಕ್ಕೆ 2.13 ಲಕ್ಷ. ಬಡ್ಡಿಗೆ ಬಡ್ಡಿ ಸೇರಿದ ಹಾಗೆ, ಅದೇ ಶೇಕಡಾ 22ರ ದರದಲ್ಲಿ ಬೆಳೆಸಿದರೆ ಸುಮಾರು 2.51 ಲಕ್ಷ. ಎರಡು ಲೆಕ್ಕದ ನಡುವೆ 38 ಸಾವಿರ ಜನ. ಅವರ ಕೊಳಚೆ ದಿನಕ್ಕೆ 41 ಲಕ್ಷ ಲೀಟರ್. ಹತ್ತು ಸಾವಿರ ಲೀಟರಿನ ಟ್ಯಾಂಕರ್ ಆದರೆ 410 ಲೋಡು, ಪ್ರತಿದಿನ. ಕಡಿಮೆ ಲೆಕ್ಕ ಹಿಡಿದು ಕಂಟ್ರಾಕ್ಟು ಕೊಟ್ಟರೆ ಈ 410 ಲೋಡು ಎಲ್ಲಿಗೆ ಹೋಗಬೇಕು? ಕೆರೆಗೇ ತಾನೆ.

2021ರಲ್ಲಿ ಆಗಬೇಕಿದ್ದ ಜನಗಣತಿ ಮುಂದೆ ಹೋಯಿತು. 2011ರ ಅಂಕಿಯನ್ನು ಹಿಡಿದು ಯೋಜನೆ ಬರೆಯುವುದೆಂದರೆ ಹೈಸ್ಕೂಲಿಗೆ ಹೋಗುವ ಹುಡುಗನಿಗೆ ಅಂಗನವಾಡಿಯ ಚಡ್ಡಿ ಅಳತೆ ಹೇಳಿದ ಹಾಗೆ. ಅದಕ್ಕೆ ಬೇರೆ ದಾರಿ ಇವೆ. ವಿದ್ಯುತ್ ಮೀಟರ್ ಎಷ್ಟು, ಕಟ್ಟಡ ಲೈಸೆನ್ಸ್ ಎಷ್ಟು ಕೊಟ್ಟಿದ್ದಾರೆ, ಅನುಮೋದನೆಯಾದ ಬಡಾವಣೆಯಲ್ಲಿ ಸೈಟು ಎಷ್ಟು, ಇವೆಲ್ಲ ಸರ್ಕಾರಿ ಕಚೇರಿಗಳಲ್ಲೇ ಬಿದ್ದಿರುವ ಕಾಗದ. ತೆಗೆದು ಕೂಡಿದರೆ ಸಾಕು. ಜೊತೆಗೆ ಊರಿನಲ್ಲಿ ಮಲಗದಿದ್ದರೂ ಊರಿಗೆ ಬರುವ ಜನ ಇದ್ದಾರೆ. ಟೊಮೆಟೊ ಕಾಲದಲ್ಲಿ ಎ.ಪಿ.ಎಂ.ಸಿ. ಯಾರ್ಡಿಗೆ ಬರುವ ಲಾರಿಯವರು, ಹಮಾಲರು, ರೈತರು; ಬಸ್ ಸ್ಟ್ಯಾಂಡಿನಲ್ಲಿ ಇಳಿಯುವ ಸಾವಿರಾರು ಮಂದಿ. ಅವರಿಗೂ ಹೊಟ್ಟೆ ಇದೆ, ಅವರಿಗೂ ಕಕ್ಕಸು ಬೇಕು. ಜನಗಣತಿ ಅವರನ್ನು ಕೋಲಾರದ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನೊಂದು ಸೂಕ್ಷ್ಮ. ಕೊಳಚೆ ದಿನವಿಡೀ ಒಂದೇ ಸಮ ಹರಿಯುವುದಿಲ್ಲ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಊರಿಗೆ ಊರೇ ಒಟ್ಟಿಗೆ ಎದ್ದು ಸ್ನಾನ ಮಾಡುತ್ತದೆ. ಕೋಲಾರದಂಥ ಊರಿಗೆ ಸರಾಸರಿಯ ಎರಡೂಕಾಲು ಪಟ್ಟು ಹರಿವಿಗೆ ಕೊಳವೆ ತಯಾರಿರಬೇಕು ಎಂಬುದು ಅದೇ ಕೈಪಿಡಿ. ಬೆಳಗಿನ ಹೊತ್ತು ಮ್ಯಾನ್‌ಹೋಲ್ ಉಕ್ಕಿ ಅಂಗಡಿ ಮುಂದೆ ಹರಿಯುವುದು ಯಾಕೆ ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ಮಳೆ ಬಂದಾಗ ಟೆರೇಸಿನ ನೀರನ್ನೂ ಯು.ಜಿ.ಡಿ.ಗೇ ತಿರುಗಿಸುವ ಮನೆಗಳಿವೆ. ಆವತ್ತಂತೂ ಯಾವ ಘಟಕವೂ ತಾಳದು.

ಘಟಕದೊಳಗೆ ನಡೆಯುವುದೇನು?

ಶುದ್ಧೀಕರಣ ಘಟಕ ಅಂದರೆ ಮಂತ್ರವಲ್ಲ. ಮೊದಲು ಜಾಲರಿ, ಪ್ಲಾಸ್ಟಿಕ್ ಕವರು, ಬಟ್ಟೆ ಚೂರು ಅಲ್ಲಿ ನಿಲ್ಲುತ್ತದೆ. ಆಮೇಲೆ ಮರಳು ಕೂರುವ ತೊಟ್ಟಿ. ನಂತರ ಗಾಳಿ ಊದುವ ದೊಡ್ಡ ತೊಟ್ಟಿ. ಕಣ್ಣಿಗೆ ಕಾಣದ ಕ್ರಿಮಿಗಳು ಆ ಗಾಳಿ ಉಸಿರಾಡಿ ಕೊಳೆಯನ್ನು ತಿನ್ನುತ್ತವೆ. ತಿಂದು ಕೊಬ್ಬಿದ ಕ್ರಿಮಿಗಳು ಕೆಸರಾಗಿ ತಳಕ್ಕೆ ಕೂರುತ್ತವೆ, ಮೇಲೆ ತಿಳಿ ನೀರು ನಿಲ್ಲುತ್ತದೆ. ಇಲ್ಲಿಗೆ ಎರಡು ಹಂತ. ಮರಳಿನಲ್ಲಿ ಸೋಸಿ, ಸೋಪು–ಗೊಬ್ಬರದ ಅಂಶವಾದ ರಂಜಕ, ಸಾರಜನಕ ತೆಗೆದು, ರೋಗಾಣು ಕೊಂದರೆ ಮೂರನೇ ಹಂತ. ರಂಜಕ, ಸಾರಜನಕ ಉಳಿದ ನೀರು ಕೆರೆಗೆ ಬಿದ್ದರೆ ಅಂತರಗಂಗೆ ಕಳೆ ಹಬ್ಬಿ ಕೆರೆ ಮುಚ್ಚುತ್ತದೆ.

ಕ್ರಿಮಿಗಳಿಗೆ ಗಾಳಿ ಬೇಕು, ಗಾಳಿಗೆ ಕರೆಂಟು ಬೇಕು. ಕರೆಂಟು ಹೋಗಿ ಜನರೇಟರಿಗೆ ಡೀಸೆಲ್ ಇಲ್ಲದಿದ್ದರೆ ಕ್ರಿಮಿ ಸಾಯುತ್ತವೆ. ಮತ್ತೆ ಹುಟ್ಟಿ ಬೆಳೆಯಲು ದಿನಗಳು ಬೇಕು. ಅಷ್ಟು ದಿನ ಘಟಕ ಎಂಬುದು ಬರೀ ಸಿಮೆಂಟ್ ತೊಟ್ಟಿ.

ಶುದ್ಧವಾಯಿತೋ ಇಲ್ಲವೋ ಅಳೆಯುವುದಕ್ಕೆ ಬಿ.ಓ.ಡಿ. ಎಂಬ ಒಂದು ಅಳತೆ ಇದೆ. ಮನೆ ಮೋರಿಯ ನೀರಿನಲ್ಲಿ ಇದು ಸಾಮಾನ್ಯವಾಗಿ ಲೀಟರಿಗೆ 200ರಿಂದ 300 ಮಿಲಿಗ್ರಾಂ. 2017ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ದೊಡ್ಡ ನಗರಗಳಿಗೆ 20, ಉಳಿದ ಊರುಗಳಿಗೆ 30 ಎಂದು ಮಿತಿ ಹಾಕಿತು. ಚಿಕ್ಕ ಊರಿನ ಕೆರೆ ಏನು ಪಾಪ ಮಾಡಿತ್ತೋ! 2019ರ ಏಪ್ರಿಲ್ 30ರಂದು ರಾಷ್ಟ್ರೀಯ ಹಸಿರು ನ್ಯಾಯಪೀಠ ಎಲ್ಲರಿಗೂ 10 ಎಂದಿತು. ಮೂವತ್ತಕ್ಕೆ ಕಟ್ಟಿದ ಘಟಕ ಹತ್ತಕ್ಕೆ ಇಳಿಸಲಾರದು. ಹೊಸ ಘಟಕ ಕಟ್ಟುವವರು ಹಳೆ ಅಳತೆಗೆ ನಕ್ಷೆ ಬರೆದರೆ, ಉದ್ಘಾಟನೆಯ ಮಾರನೇ ದಿನವೇ ಅದು ಹಳತಾಗುತ್ತದೆ.

ಘಟಕ ಇದೆ, ಕೊಳಚೆ ಬರಲಿಲ್ಲ

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಪ್ರಕಟಿಸಿದ ಲೆಕ್ಕ ನೋಡಿದರೆ ತಲೆ ತಿರುಗುತ್ತದೆ. ದೇಶದ ಪಟ್ಟಣಗಳಲ್ಲಿ ದಿನಕ್ಕೆ ಹುಟ್ಟುವ ಕೊಳಚೆ 72,368 ದಶಲಕ್ಷ ಲೀಟರ್. ಕಟ್ಟಿರುವ ಘಟಕಗಳ ಸಾಮರ್ಥ್ಯ 31,841. ನಿಜವಾಗಿ ಶುದ್ಧವಾಗುತ್ತಿದ್ದದ್ದು 20,236. ಘಟಕ ಸಾಲದು ಎಂಬುದು ಒಂದು ಗೋಳು. ಇರುವ ಘಟಕಕ್ಕೂ ಪೂರ್ತಿ ಕೆಲಸ ಇಲ್ಲ ಎಂಬುದು ಅದಕ್ಕಿಂತ ದೊಡ್ಡ ಗೋಳು.

ಯಾಕೆ ಹೀಗೆ? ಘಟಕ ಊರಾಚೆ ಕಟ್ಟುತ್ತಾರೆ, ಮುಖ್ಯ ಕೊಳವೆ ರಸ್ತೆಯಲ್ಲಿ ಹಾಕುತ್ತಾರೆ. ಮನೆಯಿಂದ ಮುಖ್ಯ ಕೊಳವೆಯವರೆಗಿನ ಹತ್ತಿಪ್ಪತ್ತು ಅಡಿ ಯಾರದು? ಮನೆಯವರು ಹಾಕಿಸಿಕೊಳ್ಳಬೇಕು. ಶುಲ್ಕ ಕಟ್ಟಬೇಕು, ರಸ್ತೆ ಅಗೆಯಲು ಅನುಮತಿ ಬೇಕು, ಪ್ಲಂಬರಿಗೆ ದುಡ್ಡು ಬೇಕು. "ಹಿಂದಗಡೆ ಗುಂಡಿ ಐತೆ, ತುಂಬಿದಾಗ ನೋಡಿದ್ರಾಯ್ತು" ಎಂದು ಬಿಡುತ್ತಾರೆ. ಇಲ್ಲವೇ ರಸ್ತೆ ಪಕ್ಕದ ಮಳೆ ಚರಂಡಿಗೆ ಪೈಪು ತಿರುಗಿಸುತ್ತಾರೆ. ಅದು ನೇರ ರಾಜಕಾಲುವೆಗೆ, ಅಲ್ಲಿಂದ ಕೆರೆಗೆ. ಘಟಕದ ಕಂಟ್ರಾಕ್ಟು ದೊಡ್ಡದು, ಶಂಕುಸ್ಥಾಪನೆಗೆ ಮಂತ್ರಿಗಳು ಬರುತ್ತಾರೆ. ಇಪ್ಪತ್ತು ಅಡಿ ಪೈಪಿಗೆ ಯಾರು ಬರುತ್ತಾರೆ? ಆದರೆ ಕೆರೆ ಉಳಿಯುವುದು ಆ ಇಪ್ಪತ್ತು ಅಡಿಯಲ್ಲೇ. ಮನೆ ಜೋಡಣೆಯ ಖರ್ಚನ್ನು ಯೋಜನೆಯ ಒಳಗೇ ಸೇರಿಸಿ, ಜನರಿಂದ ಕಂತಿನಲ್ಲಿ ವಸೂಲಿ ಮಾಡಿದರೆ ಯಾರಿಗೂ ಭಾರವಾಗದು.

ನರಸಾಪುರ, ವೇಮಗಲ್: ನಾಳೆಯ ಊರುಗಳು

ಜಿಲ್ಲೆ ಬೆಳೆಯುತ್ತಿರುವುದು ಕೋಲಾರ ಪೇಟೆಯಲ್ಲಿ ಮಾತ್ರ ಅಲ್ಲ. ನರಸಾಪುರ, ವೇಮಗಲ್, ಮಾಲೂರು ಕೈಗಾರಿಕಾ ಪ್ರದೇಶಗಳಿಗೆ ಮೂರು ಪಾಳಿಯಲ್ಲಿ ಹುಡುಗ ಹುಡುಗಿಯರು ಬಸ್ಸು ತುಂಬಾ ಬರುತ್ತಾರೆ. ಅವರಿಗಾಗಿ ಸುತ್ತ ಹಳ್ಳಿಗಳಲ್ಲಿ ಪಿ.ಜಿ., ಬಾಡಿಗೆ ಕೋಣೆಗಳ ಸಾಲು ಎದ್ದಿದೆ. ವೇಮಗಲ್–ಕುರುಗಲ್ ಪಟ್ಟಣ ಪಂಚಾಯಿತಿ ಆಯಿತು. ಕಾರ್ಖಾನೆಯ ಗೇಟಿನೊಳಗಿನ ಕೊಳಚೆಗೆ ಮಾಲಿನ್ಯ ಮಂಡಳಿಯ ಕಾಗದ ಇದೆ. ಗೇಟಿನ ಹೊರಗೆ ಮಲಗುವ ಕಾರ್ಮಿಕನ ಕೊಳಚೆಗೆ? ಅದು ಹಳ್ಳಿಯ ಗುಂಡಿಗೆ. ಗುಂಡಿಯ ಕೆಳಗೆ, ಕೆ.ಸಿ. ವ್ಯಾಲಿ ನೀರು ಇಂಗಿ ಮೇಲೆ ಬಂದ ಅಂತರ್ಜಲ. ಒಂದು ಕಡೆ ಕೋಟಿಗಟ್ಟಲೆ ಸುರಿದು ನೀರು ಇಂಗಿಸುವುದು, ಇನ್ನೊಂದು ಕಡೆ ಅದೇ ನೀರಿಗೆ ಗುಂಡಿ ತೆರೆಯುವುದು.

ಇಷ್ಟು ಚಿಕ್ಕ ಊರುಗಳಿಗೆ ಕೂಡಲೇ ದೊಡ್ಡ ಯು.ಜಿ.ಡಿ. ಬರುವುದು ಕಷ್ಟ. ಬರುವವರೆಗೆ ಕೈ ಕಟ್ಟಿ ಕೂರಬೇಕಾಗಿಯೂ ಇಲ್ಲ. ದೂರ ಹೋಗುವುದು ಬೇಡ, ದೇವನಹಳ್ಳಿ ನೋಡಿದರೆ ಸಾಕು. ಒಳಚರಂಡಿ ಇಲ್ಲದ ಆ ಪಟ್ಟಣದಲ್ಲಿ 2015ರಲ್ಲಿ ಕಕ್ಕಸು ಗುಂಡಿಯ ಹೂಳನ್ನು ಶುದ್ಧ ಮಾಡುವ ಘಟಕ ಕಟ್ಟಿದರು. ದಿನಕ್ಕೆ ಆರು ಸಾವಿರ ಲೀಟರ್ ಸಾಮರ್ಥ್ಯ. ಲಾರಿ ಗುಂಡಿ ಖಾಲಿ ಮಾಡಿ ಎಲ್ಲೋ ಕತ್ತಲಲ್ಲಿ ಹಳ್ಳಕ್ಕೆ ಸುರಿಯುವ ಬದಲು ಅಲ್ಲಿಗೆ ತಂದು ಹಾಕುತ್ತದೆ. ಒಣಗಿದ ಹೂಳು ಗೊಬ್ಬರ ಆಗುತ್ತದೆ. ವೇಮಗಲ್, ನರಸಾಪುರಗಳಿಗೆ ಇದು ಹೇಳಿ ಮಾಡಿಸಿದ ಅಂಗಿ. ಮುಂದೆ ಊರು ಬೆಳೆದಾಗ ದೊಡ್ಡ ಘಟಕಕ್ಕೆ ಬೇಕಾದ ಜಾಗವನ್ನು ಮಾತ್ರ ಈಗಲೇ ಗುರುತು ಹಾಕಿಡಬೇಕು. ತಗ್ಗಿನ ಜಾಗ ಬೇಕು, ನೀರು ತಾನಾಗಿ ಇಳಿಯುವ ಕಡೆ. ಇವತ್ತು ಗೋಮಾಳ ಇದೆ. ನಾಳೆ ಸೈಟು ಆದ ಮೇಲೆ ಎಕರೆಗೆ ಕೋಟಿ ಕೊಟ್ಟರೂ ಸಿಗದು. ಸಿಕ್ಕರೂ "ನಮ್ಮ ಮನೆ ಪಕ್ಕ ಬೇಡ" ಎಂದು ಧರಣಿ ಕೂರುತ್ತಾರೆ.

ಗುಂಡಿಗೆ ಇಳಿಯುವವನ ಲೆಕ್ಕ

ಈ ಲೀಟರು, ಮಿಲಿಗ್ರಾಂ ನಡುವೆ ಮರೆತುಹೋಗುವ ಒಬ್ಬ ಮನುಷ್ಯ ಇದ್ದಾನೆ. ಮ್ಯಾನ್‌ಹೋಲ್ ಕಟ್ಟಿಕೊಂಡಾಗ ಕರೆಯುವುದು ಅವನನ್ನೇ. ಕೋಲಾರ ಜಿಲ್ಲೆಗೆ ಈ ವಿಷಯದಲ್ಲಿ ದೊಡ್ಡ ಋಣ ಇದೆ. ಕೆ.ಜಿ.ಎಫ್. ಗಣಿ ಊರಿನಲ್ಲಿ ಕಾರ್ಮಿಕರ ಲೈನುಗಳ ಒಣ ಕಕ್ಕಸುಗಳನ್ನು ಬಕೆಟ್ಟಿನಲ್ಲಿ ಬಳಿದು ಹೊತ್ತ ಜನ ಇದ್ದರು. ಅಂಥ ಮನೆಯಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಆ ಪದ್ಧತಿಯ ವಿರುದ್ಧ ದೇಶ ಪೂರ್ತಿ ಹೋರಾಟ ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ದೇಶದ ಚಿನ್ನ ಅಗೆದ ಊರಿನಲ್ಲಿ ಮಲ ಹೊರುವ ಕೆಲಸಕ್ಕೆ ಬೇರೆ ವ್ಯವಸ್ಥೆ ಮಾಡಲು ಯಾರಿಗೂ ಪುರುಸೊತ್ತು ಇರಲಿಲ್ಲ.

2013ರಲ್ಲಿ ಬಂದ ಕಾನೂನು, ರಕ್ಷಣೆ ಇಲ್ಲದೆ ಮನುಷ್ಯನನ್ನು ಒಳಚರಂಡಿಗೆ, ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದನ್ನು ಅಪರಾಧ ಎಂದಿತು. ಒಳಚರಂಡಿಯಲ್ಲಿ ಸತ್ತವರ ಮನೆಗೆ ಕೊಡುವ ಪರಿಹಾರವನ್ನು ಸುಪ್ರೀಂ ಕೋರ್ಟು 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ಕಾನೂನು ಇದೆ, ಪರಿಹಾರವೂ ಇದೆ. ಆದರೆ ಕೊಳವೆ ಸಣ್ಣದಾಗಿ, ಇಳಿಜಾರು ತಪ್ಪಾಗಿ, ಘಟಕ ಸಾಲದಾಗಿ ಹಿಂದಕ್ಕೆ ಉಕ್ಕಿದಾಗ, ರಾತ್ರೋರಾತ್ರಿ ಐನೂರು ರೂಪಾಯಿ ಕೈಗಿಟ್ಟು ಯಾರನ್ನೋ ಇಳಿಸುವ ಆಸೆ ಹುಟ್ಟುತ್ತದೆ. ಮೇಜಿನ ಮೇಲೆ ತಪ್ಪಿದ ಲೆಕ್ಕಕ್ಕೆ ಗುಂಡಿಯೊಳಗೆ ಒಬ್ಬ ಉಸಿರು ಕೊಡುತ್ತಾನೆ. ಇಷ್ಟು ಅಂಕಿಗಳ ಹಿಂದೆ ನಿಜವಾಗಿ ಪಣಕ್ಕಿರುವುದು ಇದು.

ನಡೆಸುವವರು ಯಾರು? ದುಡ್ಡು ಎಲ್ಲಿಂದ?

ಬೆಂಗಳೂರಿಗೆ ಜಲಮಂಡಳಿ ಇದೆ; ಅದೇ ಕಟ್ಟುತ್ತದೆ, ಅದೇ ನಡೆಸುತ್ತದೆ. ಜಿಲ್ಲೆಯ ಊರುಗಳಲ್ಲಿ ಹಾಗಲ್ಲ. ಸಾಮಾನ್ಯವಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿ, ನಗರಸಭೆಯ ಕೈಗೆ ಕೊಟ್ಟು ಹೋಗುತ್ತದೆ. ಕರೆಂಟ್ ಬಿಲ್ಲು, ಆಪರೇಟರ್ ಸಂಬಳ, ಪಂಪು ರಿಪೇರಿ ಎಲ್ಲ ನಗರಸಭೆ ತಲೆಗೆ. ಕಟ್ಟುವುದಕ್ಕೆ ಸರ್ಕಾರದ ಹಣ ಬರುತ್ತದೆ, ನಡೆಸುವುದಕ್ಕೆ ಬರುವುದಿಲ್ಲ. ಆನೆ ದಾನ ಬಂತು, ಮೇವಿಗೆ ಮನೆ ಮಾರುವ ಸ್ಥಿತಿ.

ಮೇವಿನ ದಾರಿಯೂ ಇದೆ. ಶುದ್ಧ ಮಾಡಿದ ನೀರೇ ಮಾಲು. ಇದೇ ಹೆದ್ದಾರಿಯ ಇನ್ನೊಂದು ತುದಿಯಲ್ಲಿರುವ ಚೆನ್ನೈ ನಗರ, ಕೊಯಂಬೇಡು ಮತ್ತು ಕೊಡುಂಗೈಯೂರಿನಲ್ಲಿ ತಲಾ 45 ದಶಲಕ್ಷ ಲೀಟರಿನ ಮೂರನೇ ಹಂತದ ಘಟಕ ಕಟ್ಟಿ, 2019ರಿಂದ ಆ ನೀರನ್ನು ಕಾರ್ಖಾನೆಗಳಿಗೆ ಮಾರುತ್ತಿದೆ. ಅಷ್ಟು ಕುಡಿಯುವ ನೀರು ಊರಿಗೆ ಉಳಿಯಿತು. ಕರ್ನಾಟಕವೂ ಕೊಳಚೆ ನೀರಿನ ಮರುಬಳಕೆಗೆ 2017ರಲ್ಲೇ ನೀತಿ ಬರೆದಿಟ್ಟಿದೆ. ನರಸಾಪುರ, ಮಾಲೂರಿನ ಕಾರ್ಖಾನೆಗಳಿಗೆ ನೀರು ಬೇಕು. ಕೋಲಾರ, ಮಾಲೂರು ಪಟ್ಟಣಗಳಲ್ಲಿ ಕೊಳಚೆ ಇದೆ. ಕೊಳ್ಳುವವನೂ ಮಾರುವವನೂ ಇಪ್ಪತ್ತು ಮೂವತ್ತು ಕಿಲೋಮೀಟರ್ ಒಳಗೇ ಇರುವಾಗ ವ್ಯಾಪಾರ ಕುದುರದಿದ್ದರೆ ತಪ್ಪು ದಲ್ಲಾಳಿಯದೇ. ಆದರೆ ಕಾರ್ಖಾನೆಯವರು ಅರೆಬರೆ ತೊಳೆದ ನೀರು ಕೊಳ್ಳುವುದಿಲ್ಲ. ಮೂರನೇ ಹಂತ ಬೇಕೇ ಬೇಕು. ಅಂದರೆ ಅದನ್ನು ಈಗ ಬರೆಯುವ ನಕ್ಷೆಯಲ್ಲೇ ಸೇರಿಸಬೇಕು, ಹತ್ತು ವರ್ಷ ಬಿಟ್ಟಲ್ಲ.

ಮತ ಕೇಳಲು ಬಂದಾಗ

ಮುಂದಿನ ಸಲ ಕೌನ್ಸಿಲರ್ ಅಭ್ಯರ್ಥಿಗಳು ಕೈ ಮುಗಿದು ಅಂಗಡಿ ಕಟ್ಟೆಗೆ ಬರುತ್ತಾರೆ. ನಲ್ಲಿ ನೀರು ಎಷ್ಟು ದಿನಕ್ಕೆ ಬಿಡಿಸುತ್ತೀರಿ ಎಂದು ಕೇಳುವುದು ಸರಿಯೇ. ಜೊತೆಗೆ ಇನ್ನು ನಾಲ್ಕು ಮಾತು ಕೇಳಬಹುದು. ಊರಿನಲ್ಲಿ ದಿನಕ್ಕೆ ಹುಟ್ಟುವ ಕೊಳಚೆ ಎಷ್ಟು, ಘಟಕ ಮುಟ್ಟುವುದು ಎಷ್ಟು? ಯು.ಜಿ.ಡಿ.ಗೆ ಸೇರದ ಮನೆ ಎಷ್ಟು? ಘಟಕದಿಂದ ಹೊರಬಿದ್ದ ನೀರಿನ ಬಿ.ಓ.ಡಿ. ಅಂಕಿಯನ್ನು ತಿಂಗಳಿಗೊಮ್ಮೆ ನಗರಸಭೆ ಬೋರ್ಡಿನಲ್ಲಿ ಬರೆದು ಹಾಕುತ್ತೀರಾ? ಹೊಸ ಬಡಾವಣೆಗೆ ಅನುಮತಿ ಕೊಡುವ ಮುಂಚೆ ಅದರ ಕೊಳಚೆ ಯಾವ ಘಟಕಕ್ಕೆ ಹೋಗುತ್ತದೆ ಎಂದು ಬರೆಸಿಕೊಳ್ಳುತ್ತೀರಾ?

ಬೆಂಗಳೂರಿನವರನ್ನು ಮೂರನೇ ಹಂತದ ಶುದ್ಧೀಕರಣ ಕೇಳುವ ಹಕ್ಕು ಕೋಲಾರಕ್ಕೆ ಇದೆ, ಕೇಳಲೇಬೇಕು. ಆದರೆ ತನ್ನ ಮೋರಿಯನ್ನು ಕೆಳಗಿನ ಊರಿನ ಕೆರೆಗೆ ಬಿಟ್ಟು ಬೆಂಗಳೂರಿನ ಕಡೆ ಬೆರಳು ತೋರಿಸಿದರೆ ಆ ಮಾತಿಗೆ ತೂಕ ಇರುವುದಿಲ್ಲ. ನೀರು ತರುವ ಫೈಲು, ಕೊಳಚೆ ಸಾಗಿಸುವ ಫೈಲು ಈಗ ಬೇರೆ ಬೇರೆ ಮೇಜಿನ ಮೇಲೆ ಇವೆ. ಒಂದು ದಪ್ಪ, ಇನ್ನೊಂದು ತೆಳ್ಳಗೆ. ಎರಡನ್ನೂ ಒಂದೇ ದಾರದಲ್ಲಿ ಕಟ್ಟಿ, ಒಂದೇ ದಿನ ಮಂಜೂರು ಮಾಡುವುದು ಕಷ್ಟದ ಕೆಲಸವಲ್ಲ. ಯರಗೋಳ್ ನೀರು ಬಂದಾಯಿತು. ಅದು ಮನೆಯ ಹಿಂಬಾಗಿಲಿನಿಂದ ಎಲ್ಲಿಗೆ ಹೋಗುತ್ತಿದೆ ಎಂಬುದನ್ನು ಸಂಬಂಧಪಟ್ಟವರು ಒಮ್ಮೆ ಹಿಂಬಾಲಿಸಿ ನೋಡಲಿ. ಆಮೇಲೆ ಬಸ್ಸಿನಲ್ಲಿ ಎರಡು ಪಕ್ಷ ಕಟ್ಟಿಕೊಂಡು ಜಗಳ ಆಡುವುದಕ್ಕೆ ಕೆರೆಯಾದರೂ ಉಳಿದಿರುತ್ತದೆ.